ಒಳಗಿನ ಚಿಲಕ

ಹೋವ್ದ್ ಪಟ್ಟಣದಾಚೆ, ನದಿಯೂ ಹೆಪ್ಪುಗಟ್ಟಿ ಮಲಗುವ ಕಡೆ
ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತುಂಬುವವನು ನಾನು, ತ್ಸೆರೆನ್‌ಪಿಲ್.
ಹದಿನೇಳು ಚಳಿಗಾಲ.
ಯಾವ ಕೋಣೆಯ ಕೊಳವೆ ಕೆಮ್ಮುತ್ತದೆ,
ಯಾವ ಕಿಟಕಿಯ ಸಂದಿಗೆ ಯಾರ ಹರಿದ ಕಾಲುಚೀಲ ತುರುಕಿದೆ,
ಎಲ್ಲ ಗೊತ್ತು.
ಮಕ್ಕಳ ಬಗ್ಗೆ ಮಾತ್ರ ನನ್ನನ್ನು ಯಾರೂ ಕೇಳಿದ್ದಿಲ್ಲ.
ಕೇಳಲೆಂದು ನನಗೂ ಅನಿಸಿರಲಿಲ್ಲ.

ಅಕ್ಟೋಬರಿನಲ್ಲಿ ಬಂದಳು ಕುರಾಲಾಯ್,
ಕಜಾಕರ ಹುಡುಗಿ, ಒಂಬತ್ತು ವರ್ಷ,
ಅಪ್ಪನ ಮೋಟಾರು ಬೈಕಿನ ಹಿಂದೆ ಕಂಬಳಿಯ ಮೂಟೆಯಂತೆ.
ಹಾಸ್ಟೆಲಿನ ಬಾಗಿಲಲ್ಲಿ ಇಳಿಸಿ, ನೆತ್ತಿ ಮೂಸಿ,
ಅಪ್ಪ ತಿರುಗಿ ನೋಡದೆ ಹೋದ.
ನೋಡಿದ್ದರೆ ಬೈಕು ಹೊರಡುತ್ತಿರಲಿಲ್ಲ.

ತರಗತಿಯ ಮಾತು ಅವಳ ಮನೆಯ ಮಾತಲ್ಲ.
ಹಾಜರಿ ಕೂಗಿದರೆ ಕೈ ಎತ್ತುವಳು, ಬಾಯಿ ಬಿಡಳು.
'ಮಂದ ಬುದ್ಧಿ' ಎಂದು ಯಾರೋ ಕಡತದಲ್ಲಿ ಬರೆದರು;
ಆ ದಿನ, ದುರದೃಷ್ಟಕ್ಕೆ, ಮಸಿ ಹೆಪ್ಪುಗಟ್ಟಿರಲಿಲ್ಲ.

ನಾನು ಕಂಡದ್ದು ಬೇರೆ. ಅವಳ ಬಟ್ಟಲು.
ಬೆಳಗಿನ ಉಪ್ಪು ಚಹಾ ಎಲ್ಲರೂ ಸೊರ್ರನೆ ಹೀರುವಾಗ
ಅವಳದು ತುಂಬಿದ್ದು ತುಂಬಿದಂತೆ, ಮೇಲೆ ಕೆನೆಯ ತೆಳು ಚರ್ಮ.
ಮಧ್ಯಾಹ್ನವೂ ಹಾಗೆ.
ಸಂಜೆ ಒಂದೇ ಗುಟುಕು, ಕದ್ದು ಕುಡಿದಂತೆ.
ತುಟಿ ಒಡೆದು ರಕ್ತದ ಗೀರು.
ಚಹಾ ಸೇರುವುದಿಲ್ಲವೇನೋ ಅಂದುಕೊಂಡೆ.
ಎರಡು ವಾರ ಅಂದುಕೊಂಡೇ ಇದ್ದೆ.

ಅಂಗಳದಾಚೆ ನೂರಿಪ್ಪತ್ತು ಹೆಜ್ಜೆಗೆ
ಹಲಗೆಯ ಪಾಯಿಖಾನೆ.
ಬೂದಿ ಚೆಲ್ಲಲು ಹೋದವನು ಕಂಡೆ:
ದೊಡ್ಡ ತರಗತಿಯ ಮೂವರು ಅದರ ಬಾಗಿಲು ಅಲುಗಿಸುತ್ತ
'ತೆಗೀತೀವಿ, ತೆಗೀತೀವಿ' ಎಂದು ರಾಗ ಎಳೆಯುತ್ತಿದ್ದಾರೆ.
ಒಳಗಿಂದ ದಾರವೊಂದನ್ನು ಜಗ್ಗಿ ಹಿಡಿದ
ಪುಟ್ಟ ಬೆರಳುಗಳು ಸಂದಿಯಲ್ಲಿ,
ನೀಲಿ.

ಗದರಿದೆ. ಓಡಿದರು. ಅದರಲ್ಲೊಬ್ಬ ನನ್ನ ತಂಗಿಯ ಮಗ.
ಹೊರಬಂದವಳು ನನ್ನನ್ನೂ ಅದೇ ಕಣ್ಣಲ್ಲಿ ನೋಡಿ ಓಡಿದಳು.
ಇಡೀ ಕಟ್ಟಡ ಬೆಚ್ಚಗಿಟ್ಟವನು ನಾನು ಅಂತ ಬೀಗುತ್ತಿದ್ದೆನಲ್ಲ,
ಆ ಕಣ್ಣಿನವರೆಗೆ ನನ್ನ ಕೊಳವೆ ಹೋಗಿರಲಿಲ್ಲ.

ಆ ರಾತ್ರಿ ತಾತನ ಕುದುರೆಯ ಮುರಿದ ರಿಕಾಬನ್ನು
ಕೆಂಡಕ್ಕಿಟ್ಟು ಬಡಿದೆ.
ಕಮ್ಮಾರನ ಕೈ ನನ್ನದಲ್ಲ; ಮೊದಲನೆಯದು ಸೊಟ್ಟಗಾಯಿತು,
ಎರಡನೆಯದು ಕೂತಿತು.
ಮಗುವಿನ ಎದೆಯೆತ್ತರಕ್ಕೆ, ಒಳಗಿನಿಂದ.
ಕೈಗವಸು ತೊಟ್ಟರೂ ಸರಿಯಬೇಕು,
ಸರಿದದ್ದು ಕಿವಿಗೆ ಕೇಳಬೇಕು: ಠಕ್.

ಬೆಳಗ್ಗೆ ತಂಗಿಯ ಮಗನ ಕೈಗೆ ಸಲಿಕೆ ಕೊಟ್ಟು
ದಾರಿಯ ಹಿಮ ತೆಗೆಸಿದೆ, ನೂರಿಪ್ಪತ್ತು ಹೆಜ್ಜೆ.
ಯಾಕೆಂದು ಅವನು ಕೇಳಲಿಲ್ಲ.
ಹೇಳುವ ಮಾತು ನನಗೂ ಸಿಗಲಿಲ್ಲ.
ಕೊನೆಯ ಹತ್ತು ಹೆಜ್ಜೆ ಅವನು ನಿಧಾನ, ಬಲು ಚೊಕ್ಕ ತೆಗೆದ.

ಬಟ್ಟಲಿನ ವಿಷಯ ಓಯೂನ್‌ಬಿಲೆಗ್ ಟೀಚರಿಗೆ ಹೇಳಿದೆ.
ಸುಮ್ಮನೆ ಕೇಳಿದರು, ಬೆರಳ ಸುಣ್ಣ ಒರೆಸಿಕೊಳ್ಳುತ್ತ,
ಒರೆಸಿದ ಮೇಲೂ ಒರೆಸಿಕೊಳ್ಳುತ್ತ.

ಮರುದಿನ ಕೊಳವೆ ನೋಡುವ ನೆಪದಲ್ಲಿ ನಾನೂ ಹಿಂದೆ ನಿಂತೆ.
ಬೋರ್ಡಿನ ಮೇಲೆ ನಮ್ಮ ಮಂಗೋಲಿ ಮಾತಿನ ನೀರು: ಉಸ್.
'ನಿಮ್ಮ ಮನೆಯಲ್ಲಿ?'
ಅವಳ ಬೆಂಚಿನ ಪಕ್ಕ ಮಂಡಿಯೂರಿ ಕೇಳಿದರು.
ಕಾದರು. ಹಬೆ ಕೊಳವೆಯಲ್ಲಿ ಒಂದು ಸುತ್ತು ಬಂತು.
ಬೆಂಚಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ:
ಸು.

ಉಸ್, ಸು. ಅಕ್ಕಪಕ್ಕ ಬರೆದರು.
ಹಿಂದಿನ ಸಾಲಿನಿಂದ ಒಬ್ಬ ಕಿರುಚಿದ:
'ಟೀಚರ್, ಅದನ್ನೇ ತಿರುಗಿಸಿದರೆ ಇದು!'
ತರಗತಿ ಗೊಳ್ಳೆಂದಿತು.
ಅವಳು ಬೆಚ್ಚಿ ಸುತ್ತ ನೋಡಿದಳು;
ನಗು ತನ್ನ ಕಡೆಗಿರಲಿಲ್ಲ,
ಬೋರ್ಡಿನ ಕಡೆಗಿತ್ತು.

ಅವಳು ನಗಲಿಲ್ಲ, ಇದ್ದದ್ದು ಇದ್ದಂತೆ ಹೇಳುತ್ತೇನೆ.
ಕಡತದ ಆ ಎರಡು ಪದ ಇನ್ನೂ ಅಳಿಸಿಲ್ಲ,
ಅದಕ್ಕೆ ಮೇಲಿನವರ ಸಹಿ ಬೇಕಂತೆ.

ಆ ಸಂಜೆ ಅಡುಗೆಮನೆಯ ಒಲೆಗೆ ಕಲ್ಲಿದ್ದಲು ಹಾಕಲು ಹೋದೆ.
ತೊಳೆದ ಬಟ್ಟಲುಗಳು ಬೋರಲಾಗಿ ಸಾಲಾಗಿದ್ದವು,
ಅಂಚುಗಳಿಂದ ನೀರು ತೊಟ್ಟಿಕ್ಕುತ್ತ.
ಅವಳದು ಯಾವುದೆಂದು ಹುಡುಕಿದೆ,
ಒಂದೊಂದೇ ಎತ್ತಿ.
ಗುರುತು ಸಿಗಲಿಲ್ಲ.