ವಿಚಾರಣೆಯ ಹಲ್ಲು

ಹದಿನೇಳನೇ ನಂಬರಿನ ಕೇಸು ಕೂಗಿದಾಗ
ಹನ್ನೆರಡೂ ಹತ್ತು.
ಕಾರವಾರದ ಕೋರ್ಟಿನ ಫ್ಯಾನು
ಮೂರು ಸುತ್ತಿಗೊಮ್ಮೆ ಕೆಮ್ಮುತ್ತಿತ್ತು.
ಕಟಕಟೆಯಲ್ಲಿ ಕಾಕಂಬಿ ಹಡಗಿನ ಖಲಾಸಿ,
ಹೆಸರು ಎವಾರಿಸ್ತೊ, ಪೆರುವಿನ ಯಾವುದೋ ಬಂದರಿನವ,
ಎಡಗೆನ್ನೆ ಆಗಷ್ಟೇ ಕರಿದ ಬನ್ಸು.
ಆರೋಪ: ಪಾಸಿಲ್ಲದೆ ದಂಡೆಗಿಳಿದದ್ದು,
ಬೈತಖೋಲದಲ್ಲಿ ಮಗುಚಿಟ್ಟ ದೋಣಿಯಡಿ
ಮಲಗಿ ಸಿಕ್ಕಿದ್ದು.

ಯಾಕಪ್ಪ ಇಳಿದೆ ಎಂದು ಸರ್ಕಾರಿ ವಕೀಲ ರಾಯ್ಕರರು
ಇಂಗ್ಲಿಷಿನಲ್ಲಿ ಕೇಳಿದರು,
ಆಮೇಲೆ ಅದನ್ನೇ ಇನ್ನೂ ದೊಡ್ಡ ದನಿಯಲ್ಲಿ ಕೇಳಿದರು.
ಕೊನೆಗೆ ಗುನಗ ಕಾನ್‌ಸ್ಟೇಬಲ್ ಸುಂಕೇರಿಗೆ ಹೋಗಿ
ಕಾಯ್ತಾನ್ ಗುದಿನ್ಹೊನನ್ನು ಬೈಕಿನಲ್ಲಿ ಕೂರಿಸಿ ತಂದ;
ಇಪ್ಪತ್ತೆರಡು ವರ್ಷ ಸ್ಪೇನಿನ ಮೀನುಹಡಗಲ್ಲಿ
ಅಡುಗೆ ಮಾಡಿದ ಮುದುಕ.
ಬೈಯಲು, ಬಡಿಸಲು, ಸಾಲ ಕೇಳಲು ಬೇಕಾದಷ್ಟು
ಬಾಯಲ್ಲಿ ಉಳಿದಿತ್ತು.
ಕೋರ್ಟಿನ ಮಾತು ಮಾತ್ರ
ಅವನ ಒಲೆಯ ಹತ್ತಿರ ಎಂದೂ ಸುಳಿದಿರಲಿಲ್ಲ.

ನಾನು ಸ್ಟೆನೊ. ಬೇರೆಯವರ ಬಾಯಿಂದ ಬಿದ್ದದ್ದನ್ನು
ಹೆಕ್ಕಿ ಒಣಗಿಸುವವಳು.
ಊಟದ ಹೊತ್ತಿಗೆ ಕ್ಯಾಂಟೀನಿನ ಬೆಂಚಲ್ಲಿ
ಎವಾರಿಸ್ತೊ ಬೊಟ್ಟು ಮಾಡಿ ಹೆಸರು ಹೇಳಿದ,
ಕಾಯ್ತಾನ್ ಅದನ್ನು ಕೊಂಕಣಿಯಲ್ಲಿ ಅಗಿದ,
ನಾನು ಹಳೇ ಎಲ್‌ಐಸಿ ಡೈರಿಯ ಬೆನ್ನಿಗೆ ಬರೆದುಕೊಂಡೆ.

ಜಡ್ಜ್ ಅಂದರೆ ಹುಯೇಸ್.
ವಕೀಲ ಅಬೊಗಾದೊ; ಒಂದಕ್ಷರ ಜಾರಿದರೆ ಅಓಗಾದೊ,
ನೀರಲ್ಲಿ ಮುಳುಗಿ ಸತ್ತವ.
'ರಾಯ್ಕರರಿಗೆ ಹೇಳ್ಬೇಡ ಬಾಯ್' ಅಂದ ಕಾಯ್ತಾನ್.
ಕೈಬೇಡಿಗೆ ಎಸ್ಪೋಸಾಸ್, ಹೆಂಡಂದಿರಿಗೂ ಅದೇ.
ನಾವೆಲ್ಲ ನಕ್ಕೆವು. ಗುನಗ ನಗಲಿಲ್ಲ.
ಅವನ ಹೆಂಡತಿ ಅಂಕೋಲೆಗೆ ತವರಿಗೆ ಹೋಗಿ
ಎರಡು ತಿಂಗಳು.
ತೀರ್ಪಿಗೆ ಫಾಯ್ಯೊ. ಎಡವಟ್ಟಿಗೂ,
ನಡುಗಡಲಲ್ಲಿ ಕೆಟ್ಟು ನಿಂತ ಎಂಜಿನ್ನಿಗೂ
ಫಾಯ್ಯೊ.
ಶಿಕ್ಷೆ ಅಂದರೆ ಪೆನಾ.
ದುಃಖ ಅಂದರೂ.

ಇದೆಂಥಾ ಭಾಷೆ ಮಾರಾಯ ಅಂದುಕೊಂಡೆ. ಆಮೇಲೆ
ನಮ್ಮ ತೀರ್ಪಿನೊಳಗೂ ಯಾರೋ ತೀರಿಹೋಗುತ್ತಿರುವುದು
ಇಷ್ಟು ವರ್ಷ ಟೈಪು ಮಾಡಿಯೂ ಕೇಳಿಸಿರಲಿಲ್ಲವಲ್ಲ.
ವಕೀಲ, ಜಾಮೀನು, ಫಿರ್ಯಾದಿ, ಖುಲಾಸೆ
ಯಾವ್ಯಾವ ಕುದುರೆಯ ಬೆನ್ನೇರಿ ಬಂದವೋ.
ಎವಾರಿಸ್ತೊ 'ಮೇಸಾ' ಎಂದು ತಟ್ಟಿದ ಮೇಜು
ನಾನೂರು ವರ್ಷದ ಕೆಳಗೆ ಇದೇ ಕರಾವಳಿಯಲ್ಲಿ
ಹಡಗಿನಿಂದ ಇಳಿದದ್ದು. ಪಾಸು ತೋರಿಸು ಅಂತ
ಅದನ್ನು ಯಾರೂ ಕೇಳಲಿಲ್ಲ.

ಮೂರು ಗಂಟೆಗೆ ಮತ್ತೆ ಅದೇ ಪ್ರಶ್ನೆ: ಯಾಕೆ ಇಳಿದೆ?
ಅವನು ಕೆನ್ನೆ ಒತ್ತಿ ಹಿಡಿದು ಅಂದ:
ಮುಯೇಲಾ ದೆಲ್ ಹುಯಿಸಿಯೊ.
ಕಾಯ್ತಾನ್ ತಲೆ ಕೆರೆದ. ಡೈರಿಗೆ ಬಗ್ಗಿ ನೋಡಿದ.
'ವಿಚಾರಣೆಯ ಹಲ್ಲು ಅಂತಾನೆ, ಮೇಡಂ.'
ನನ್ನ ಬೆರಳು ಅದನ್ನು ಹೊಡೆದು ಮುಗಿಸಿ
ಆಮೇಲೆ ನಿಂತವು.
ರಾಯ್ಕರರು ಎದ್ದರು, ಯಾವುದಕ್ಕೆ ಆಕ್ಷೇಪವೆಂದು
ತಿಳಿಯದೆ ಕೂತರು.

ಎವಾರಿಸ್ತೊ ಬಾಯಿ ತೆರೆದ.
ಇಡೀ ಕೋರ್ಟು ಒಂದಿಷ್ಟು ಮುಂದಕ್ಕೆ ಬಾಗಿತು.
ಮೇಡಂ ಪೆನ್ನಿನ ಮುಚ್ಚಳ ಹಾಕಿದರು.
ಅವರ ಕೆನ್ನೆಯೊಳಗೆ ಏನೋ ಸಣ್ಣಗೆ ಮಿಸುಕಿತು,
ನಾಲಗೆ ಸಾಲಿನ ಕೊನೆಯವರೆಗೆ ಹೋಗಿ
ತಡಕಿ ಬಂದ ಹಾಗೆ.
'ಬುದ್ಧಿಹಲ್ಲು' ಅಂದರು, ನನಗಷ್ಟೇ ಕೇಳುವಂತೆ.
'ಹೌದು ಹೌದು,' ಕಾಯ್ತಾನ್ ಕೂಗಿದ,
'ಬುದ್ಧಿಗೂ ವಿಚಾರಣೆಗೂ ಅವರಲ್ಲಿ ಒಂದೇ ಮಾತು!'
ಹಿಂದಿನ ಬೆಂಚಿನಿಂದ ಯಾರೋ, ಗಡಿತಕರಾರಿನ
ಹನ್ನೊಂದು ವರ್ಷದ ಕಕ್ಷಿದಾರನಿರಬೇಕು,
'ನಮ್ಮಲ್ಲಿಲ್ಲ' ಅಂದ.

ಮೊದಲು ಸಿವಿಲ್ ಆಸ್ಪತ್ರೆ, ಕೇಸು ನಾಳೆಗೆ.

ನಾಳೆ ಅವನು ಬಾಯ್ತುಂಬ ಹತ್ತಿ ಕಚ್ಚಿಕೊಂಡು ಬಂದ.
ಒಂದು ಮಾತೂ ಆಡಲಾಗದು; ಅನುವಾದಕ್ಕೆ ಏನೂ ಇಲ್ಲ.
ತಪ್ಪು ಒಪ್ಪಿ ತಲೆಯಾಡಿಸಿದ. ದಂಡವನ್ನು
ಹಡಗಿನ ಏಜೆಂಟ್ ಕಟ್ಟಿದ.
ಸಂಜೆ ಬಸ್ಸಿನ ಕಿಟಕಿಯಿಂದ ನೋಡಿದರೆ
ಕೂರ್ಮಗಡದಾಚೆ ಒಂದು ದೀಪ.
ಅದೇ ಹಡಗೋ ಅಲ್ಲವೋ.

ದಾಖಲೆಯಲ್ಲಿ 'ವಿಚಾರಣೆಯ ಹಲ್ಲು' ಹಾಗೇ ಇದೆ.
ತಿದ್ದಿ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾಯ್ತಾನನ ಭತ್ಯೆಯ ಫಾರಮ್ಮಿನಲ್ಲಿ
ಭಾಷೆ ಎಂಬ ಕಲಮ್ಮಿಗೆ ಮೂರೇ ಚೌಕ:
ಕೊಂಕಣಿ, ಮರಾಠಿ, ಉರ್ದು. ಕೆಳಗೆ
ಇತರೆ ಅಂತ ನಾನೇ ಬರೆದು ಗೀಟು ಹಾಕಿದೆ.
ಕನ್ನಡಕ ಏರಿಸಿ ಓದಿದ ಮುದುಕ
ಸಹಿಗೆ ಎತ್ತಿದ ಕೈ ತಡೆದು ಕೇಳಿದ:
'ಇತರೆ ಅಂದ್ರೆ ಯಾವ ದೇಶ ಬಾಯ್?
ಆ ಬಂದರಿಗೆ ನಾ ಹೋಗ್ಲೇ ಇಲ್ಲ.'