ಎರಡನೇ ಬೀಗದ ಕೈ

ಗಂಜಾಮಿನ ಸಮುದಾಯ ಭವನದ ಬೀಗದ ಕೈ
ಹನ್ನೊಂದು ವರ್ಷದಿಂದ ನನ್ನ ಸೆರಗಿನ ಗಂಟಿನಲ್ಲಿದೆ.
ನಾಮಕರಣ, ಪೋಲಿಯೊ ಹನಿ, ಸಂಘದ ಮೀಟಿಂಗು,
ಯಾರು ಕೇಳಿದರೂ ತೆಗೆದುಕೊಡುತ್ತೇನೆ.
ಅವರು ಹೋದ ಮೇಲೆ ಗುಡಿಸಿ
ಕುರ್ಚಿ ಎಣಿಸಿ ಒಳಗಿಡುತ್ತೇನೆ. ಅರವತ್ತೆರಡು.

ಈ ಏಪ್ರಿಲ್ಲಿನಲ್ಲಿ ಕೇಳಿದವರು
ಚೆಲುವಾಂಬೆ ಮತ್ತು ನೂರುಲ್ಲಾ.
ಹನ್ನೆರಡು ದಿನ, ಬೆಳಿಗ್ಗೆ ಏಳರಿಂದ ಹತ್ತು.
ಪುರಸಭೆಯ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ
ಇಬ್ಬರೂ ಬರೆದಿದ್ದರು: ಕುಣಿತ.
ಗುಮಾಸ್ತ ಕನ್ನಡಕ ಏರಿಸಿಕೊಂಡ.
‘ಅದು ಸರಿ ಕಣಮ್ಮ, ಹೊಟ್ಟೆಗೇನು ಮಾಡ್ತೀರಿ?’
‘ಅದನ್ನೇ’ ಅಂದಳು ಚೆಲುವಿ.

ಚಿಕ್ಕವರಿದ್ದಾಗ ನಾವು ಮೂವರು.
ಭಾನುವಾರದ ಪ್ಯಾಸೆಂಜರಿನಲ್ಲಿ
ಮೈಸೂರಿನಿಂದ ಒಬ್ಬ ಮೇಡಂ ಬರುತ್ತಿದ್ದರು,
ಛತ್ರಿ, ಫ್ಲಾಸ್ಕು, ಒಂದು ಟೇಪ್ ರೆಕಾರ್ಡರು.
ಒಂದು ವರ್ಷ ಬಂದರು. ಆಮೇಲೆ ಬರಲಿಲ್ಲ.
ಮೂರು ಭಾನುವಾರ ಸ್ಟೇಷನ್ನಿನಲ್ಲಿ ಕಾದೆವು,
ಕಡ್ಲೆಕಾಯಿ ಸಿಪ್ಪೆ ಹಳಿಗೆ ಎಸೆಯುತ್ತ.
ನಾಲ್ಕನೆಯ ಭಾನುವಾರ
ಅವರಿಬ್ಬರು ರೈಲು ಹತ್ತಿದರು.
ಟಿಕೆಟ್ಟಿಗೆ ಮೂರು ರೂಪಾಯಿ. ನನ್ನ ಹತ್ತಿರ ಇತ್ತು.
ಹತ್ತಲಿಲ್ಲ, ಅಷ್ಟೆ.
ಪಶ್ಚಿಮವಾಹಿನಿಯ ಸೇತುವೆ ಮೇಲೆ
ರೈಲಿನ ಸದ್ದು ಬದಲಾದದ್ದು
ಪ್ಲಾಟ್‌ಫಾರ್ಮಿನವರೆಗೂ ಕೇಳಿಸಿತು.

ಚೆಲುವಿ ಈಗ ಹದಿನಾಲ್ಕು ದೇಶದ ನೆಲ ತುಳಿದವಳು.
ನೂರುಲ್ಲಾನ ಎಡ ಮಂಡಿಯಲ್ಲಿ ಸ್ಟೀಲು ಕೂತಿದೆ,
ಮೆಟ್ಟಿಲಿಳಿಯುವಾಗ ಅವನ ಮುಖ ನೋಡಿದರೆ ಗೊತ್ತಾಗುತ್ತದೆ.

ಉದ್ಘಾಟನೆಗೆ ಬಂದವರೊಬ್ಬರು ಮೈಕು ಹಿಡಿದು
ಕವಲೊಡೆದ ಕಾವೇರಿ ಸಂಗಮದಲ್ಲಿ ಕೂಡಿದ ಹಾಗೆ
ಈ ದ್ವೀಪದ ಮಕ್ಕಳು ದ್ವೀಪಕ್ಕೆ ಮರಳಿದರು ಎಂದರು.
ಚೆಲುವಿ ನನ್ನ ಕಡೆ ತಿರುಗಿ ಕಣ್ಣು ಹೊಡೆದಳು.

ಮೊದಲ ದಿನ ನಲವತ್ತು ಮಕ್ಕಳು,
ಮೂರನೆಯ ದಿನಕ್ಕೆ ಹತ್ತೊಂಬತ್ತು.
ಹಾಡು ಹಾಕಲಿಲ್ಲವಲ್ಲ, ಅದಕ್ಕೆ.
ಬರೀ ನಡೆಯುವುದು, ನಿಲ್ಲುವುದು,
ಕಡಪ ಕಲ್ಲಿನ ಮೇಲೆ ಬೀಳುವುದು.
‘ಏಟಾಗದಂಗೆ ಬೀಳಾದ ಕಲೀರಿ’ ಅಂದ ನೂರುಲ್ಲಾ,
‘ನಂಗೆ ಮೂರು ವರ್ಷ ಬೇಕಾಯ್ತು.’
ಹಳೇ ಸೇತುವೆಯಿಂದ ಹೊಳೆಗೆ ಧುಮುಕುವ ಹುಡುಗರು
ಒಬ್ಬರನ್ನೊಬ್ಬರು ನೋಡಿಕೊಂಡು
ತೊಪ್ಪನೆ ಬಿದ್ದರು, ಎದ್ದರು.
ಒಂದು ತರಚು ಗಾಯವಿಲ್ಲ.
ಅವನು ನೆಲದ ಮೇಲೇ ಕೂತುಬಿಟ್ಟ.

ಆರನೆಯ ದಿನ ಸುತ್ತುವುದು.
ಎಲ್ಲರೂ ತಲೆತಿರುಗಿ ಗೋಡೆ ಹಿಡಿದರು,
ಸಂಗಮದಲ್ಲಿ ಹರಿಗೋಲು ಹಾಕುವವನ ಮಗಳು
ಸಿಂಚನ ಒಬ್ಬಳನ್ನು ಬಿಟ್ಟು.
ಎಂಟು ಸುತ್ತು, ಹತ್ತು, ಹನ್ನೆರಡು,
ಜಡೆ ಅವಳ ಹಿಂದೆ ಓಡುತ್ತಿತ್ತು.
ನಿಂತಾಗ ನಿಂತೇಬಿಟ್ಟಳು.
‘ಯಾರು ಹೇಳ್ಕೊಟ್ರು?’
‘ಯಾರೂ ಇಲ್ಲ. ಭಾರನ ಮಧ್ಯಕ್ಕೆ ಇಟ್ಕೊಬೇಕು,
ನೀರ ಕಡೆ ನೋಡ್ಬಾರ್ದು, ದಡದಲ್ಲಿ ಒಂದು ಮರ ನೋಡ್ಬೇಕು.
ಇಲ್ದಿದ್ರೆ ಪ್ಯಾಟೆಯವ್ರು ವಾಂತಿ ಮಾಡ್ಕೋತಾರಲ್ಲ, ಹಂಗೆ.’
ಚೆಲುವಿ ಪುಸ್ತಕ ತೆಗೆದು ಬರೆದುಕೊಂಡಳು.
ಆಮೇಲೆ ಆ ಹುಡುಗಿಯನ್ನು ಮುಂದೆ ನಿಲ್ಲಿಸಿ
ತಾನು ಮಕ್ಕಳ ಸಾಲಿನ ಕೊನೆಗೆ ಹೋದಳು.

ನಾನು ಬಾಗಿಲಲ್ಲೇ ಇದ್ದೆ, ಪೊರಕೆ ಹಿಡಿದು.
‘ಬಾ’ ಎಂದು ಯಾರೂ ಕರೆಯಲಿಲ್ಲ.
ಕರೆದಿದ್ದರೆ ಬಯ್ಯುತ್ತಿದ್ದೆ.
ಆದರೂ ಒಲೆಯ ಮುಂದೆ ಆ ರಾತ್ರಿ
ಮುದ್ದೆ ತಿರುವುವಾಗ
ಕಾಲು ತಾನಾಗಿ ಎಣಿಸುತ್ತಿತ್ತು. ಬೆಂಕಿ ನೋಡಲಿಲ್ಲ,
ಕಿಟಕಿಯಾಚೆ ಒಂದು ನುಗ್ಗೆ ಮರ ಇತ್ತು.

ಹನ್ನೆರಡು ದಿನ ಮುಗಿಯಿತು.
ದೀಪಾವಳಿಗೆ ಬರ್ತೀವಿ ಅಂದರು.
ಬರುತ್ತಾರೆ. ಬರಬಹುದು.
ಭಾನುವಾರಗಳು ನನಗೆ ಗೊತ್ತು.

ಸೋಮವಾರ ಪೇಟೆಬೀದಿಗೆ ಹೋದೆ.
ಕೀ ಮಾಡುವವನು ಹಿತ್ತಾಳೆ ಕೈಯನ್ನು
ಯಂತ್ರಕ್ಕೆ ಹಿಡಿದ, ಪುಡಿ ಹಾರಿತು.
‘ಒಂದು ಕಳ್ದೋಯ್ತಾ?’
‘ಇಲ್ಲ.’
ಎಪ್ಪತ್ತು ರೂಪಾಯಿ.
ಬಿಸಿ ಆರುವ ಮೊದಲೇ ತೆಗೆದುಕೊಂಡು
ಸಂಗಮದ ಆಟೋ ಹತ್ತಿದೆ.