ನುಸಿ ಹಿಡಿಯದ ಹಿಟ್ಟು

ಉದಗೀರ ರಸ್ತೆ, ಟಯರ್ ಅಂಗಡಿಯ ಮ್ಯಾಲಿನ ಮಾಳಿಗಿ,
ಅದರಾಗ ನಮ್ಮ ನಿಧಿಯ ಆಫೀಸು:
ಎರಡು ಕುರ್ಚಿ, ಒಂದು ಕಪಾಟು, ಮುದ್ರಿ ಒತ್ತುವ ನಾನು.

ಘಾಳೆಪ್ಪ ಮುಸ್ತರಿ ನೌಬಾದಿನ ಪ್ಲಾಟು ಮಾರಿ
ಮೂವತ್ತೆಂಟು ಲಕ್ಷ ತಂದಿಟ್ಟ ದಿನ
ಷರತ್ತು ನಾನೇ ಓದಿ ಹೇಳಿದೆ, ಬೆರಳಿಟ್ಟು:
ಕೊಟ್ಟದ್ದು ಕೊಟ್ಟಂಗ, ತಿರುಗಿ ಕೇಳಂಗಿಲ್ಲ.
ಯಾರಿಗೆ ಹೋಗಬೇಕು ಅಂತ ನೀವು ಹೇಳಬಹುದು,
ಹೇಳಬಹುದು ಅಷ್ಟೇ. ಕೊಡೋದು ಮಂಡಳಿ.
ತೆರಿಗಿ ರಿಯಾಯ್ತಿ ಮಾತ್ರ ಈ ವರ್ಷಾನೇ.
"ಅಂದ್ರ," ಅಂದ, ಕನ್ನಡಕ ಒರಸುತ್ತ,
"ಮಗಳ್ನ ಕೊಟ್ಟಂಗ ಆತಲ್ಲ.
ಇನ್ನ ಬುದ್ಧಿ ಹೇಳೂದಷ್ಟ ನಮ್ಮ ಕೆಲಸ."
ಸಹಿ ಮಾಡಿದ. ಕೆಳಗ ಟಯರಿನವರಿಗೂ ಪೇಢೆ ಹಂಚಿದ.

ಆಮ್ಯಾಲೆ ಶುಕ್ರವಾರಕ್ಕೊಮ್ಮೆ ಬರ್ಲಾಕತ್ತಿದ.
ಸುರಂಗ ಬಾವಿಯ ಕಿಂಡಿಗೆ ಬಗ್ಗಿ
ಹುಡುಗರು ತಳದಾಗ ನೀರು ಅದನೋ ಇಲ್ಲೋ ನೋಡೂ ಹಂಗ
ನನ್ನ ಕಂಪ್ಯೂಟರಿಗೆ ಬಗ್ಗಿ ನೋಡಾಂವ.
"ಎಷ್ಟಾತು?"
ಮೂವತ್ತೊಂಬತ್ತೂ ಚಿಲ್ಲರೆ.
"ಬೆಳೀಲಾಕತ್ತದ ಅಲ್ಲ!"

ಔರಾದಿನ ಮಾಸ್ತರು ಬಂದು ಶಾಲಿಗೆ ತಗಡು ಕೇಳಿ ಹೋದ್ರು.
ಕಿಡ್ನಿ ಕೇಂದ್ರದವರು ಬಂದ್ರು. ಗೋಶಾಲೆಯವರು ಹಾರ ತಂದ್ರು.
ಎಲ್ಲಾರ ಮಾತೂ ತಲೆದೂಗಿ ಕೇಳಿದ, ಚಹಾ ಕುಡಿಸಿದ,
"ವಿಚಾರ ಮಾಡೂನು" ಅಂದ.
ಬೇಡಿಸಿಕೊಳ್ಳೋದರಾಗೂ ಒಂದು ರುಚಿ ಅದ;
ಅದೊಂದನ್ನ ಮಾತ್ರ ಅವ ದಾನ ಮಾಡಿರಲಿಲ್ಲ.

ಎರಡು ವರ್ಷ. ನಲವತ್ತೊಂದೂವರೆ.

ಒಂದು ಥಂಡಿ ಶುಕ್ರವಾರ ಅವ್ವನ ಮಾತು ತೆಗೆದ:
ರೊಟ್ಟಿಗೆ ಹಿಟ್ಟು ನಾದೂದಕ್ಕಿಂತ ಮೊದಲ
ಒಂದು ಹಿಡಿ ಬ್ಯಾರೆ ಗಡಗಿಗೆ. ದಿನಾ. ಬಂದವರಿಗೆ.
"ಭಾಳ ದಿನ ಇಟ್ರ ನುಸಿ ಹಿಡೀತದ ಅಂತ,
ಯಾರೂ ಬರದಿದ್ರ ತಾನ ಹೋಗಿ
ಕುಂಬಾರ ಓಣ್ಯಾಗ ಬಾಗಿಲ ಬಡೀತಿದ್ಲು:
ತಗೋರಿ ಯವ್ವಾ, ಕೆಡ್ತದ!"
ನಕ್ಕ. ನಡುವೇ ನಗೋದು ನಿಲ್ಲಿಸಿದ.

ಅವ ಕೇಳದಿದ್ರೂ ನಾನೂ ಹೇಳಿದೆ:
ಈದಿನ ಬೆಳಗ್ಗೆ, ನಮಾಜಿಗೆ ಹೋಗೂ ಮುಂಚೆ,
ಅಬ್ಬಾ ತಲಿಗಿಷ್ಟು ಗೋದಿ ಅಳೆದು ನಮ್ಮ ಕೈಲೆ ಕಳಸ್ತಿದ್ದರು.
ನಮಾಜು ಮುಗಿದ ಮ್ಯಾಲೆ ಮುಟ್ಟಿದರ ಅದು ಫಿತ್ರಾ ಅಲ್ಲ,
ಬರೇ ಕೊಟ್ಟದ್ದು.
ಹೊಸ ಚಪ್ಪಲಿ ಕಚ್ಚಿದರೂ ಓಡುತ್ತಿದ್ದೆವು.

"ಇದಕ್ಕ ನುಸಿ ಹಿಡಿಯಂಗಿಲ್ಲಲ್ಲ," ಅಂದ, ಪರದೆ ನೋಡುತ್ತ.
ಹಿಡಿಯಂಗಿಲ್ಲ ಕಾಕಾ.
ಕೆಳಗ ಟಯರಿಗೆ ಗಾಳಿ ತುಂಬುವ ಸದ್ದು.

"ಅಳಿಯನ ಆಪರೇಷನ್ ದಿನ, ದೊಡ್ಡ ದವಾಖಾನಿ ವರಾಂಡಾದಾಗ
ಭಾಲ್ಕಿ ಕಡೆಯಾಕಿ ಒಬ್ಬಳು ನನ್ನ ಪೇಪರ್ ಬೇಡಿದ್ಲು.
ಓದ್ಲಾಕ ಅಲ್ಲ, ಕೂಸಿನ ಕೆಳಗ ಹಾಸ್ಲಾಕ.
ಪೂರಾ ಸೈತ ಕೊಡಲಿಲ್ಲ ನಾ.
ಕ್ರೀಡಾ ಪುಟ ಇಟಗೊಂಡೆ."

ಅರ್ಜಿ ಕೇಳಿದ. ಬರೆದ:
ರೋಗಿಗಳ ಸಂಗಡ ಬಂದವರಿಗೆ ಮಲಗ್ಲಾಕ ಜಾಗ,
ಚಾಪಿ, ಕಂಬಳಿ, ಬಿಸಿನೀರು.
ನಡೆಸುವವರು: ಮಾರ್ತಾ ಸಿಸ್ಟರ್ ಮತ್ತು ಅವರ ಗೆಳತಿಯರು.
"ಸಲಹೆ" ಅನ್ನೋ ಕಾಲಂ ಸಾಲದೆ
ಅಕ್ಷರ ಹಿಂದಿನ ಪುಟಕ್ಕೂ ಹರಿದಿತ್ತು.

ಹದಿನೆಂಟು ದಿನಕ್ಕ ಮಂಡಳಿಯ ಉತ್ತರ:
ಸಂಸ್ಥೆಯ ನೋಂದಣಿ ಸಂಖ್ಯೆ? ಮೂರು ವರ್ಷದ ಲೆಕ್ಕಪತ್ರ?
ಮಾರ್ತಾ ಸಿಸ್ಟರ್ ಹತ್ತಿರ ಇದ್ದದ್ದು
ಎರಡು ದೊಡ್ಡ ಪಾತ್ರಿ, ಒಂದು ರಾತ್ರಿಪಾಳಿ.
ನೋಂದಣಿಗೆ ಹಾಕಿಸಿದ್ದೇನೆ. ಕಾಗದ ಕಲಬುರಗಿಗೆ ಹೋಗ್ಯಾದ.
ತಪ್ಪು ಮಂಡಳಿಯದೂ ಅಲ್ಲ; ಹೋದ ವರ್ಷ
ಇಲ್ಲದ ಅನಾಥಾಲಯವೊಂದು ಚಂದನೆಯ ರಸೀದಿ ಕಳಿಸಿತ್ತು.

ಈ ಶುಕ್ರವಾರ ಬಂದವ ಎಷ್ಟಾತು ಅಂತ ಕೇಳಲಿಲ್ಲ.
"ಕೊಟ್ಟ ಮಗಳು ಇನ್ನೂ ಬಸ್ ಸ್ಟ್ಯಾಂಡಿನಾಗ ಕುಂತಾಳ," ಅಂದ.
ಚಹಾ ಬ್ಯಾಡ ಅಂದ. ದವಾಖಾನಿ ಕಡೆ ಹೋಗೂದದ ಅಂದ.
ಬಗಲಾಗ ತಿಂಗಳ ಪೇಪರಿನ ಕಟ್ಟು, ಹುರಿಯಿಂದ ಬಿಗಿದದ್ದು.
ಮೆಟ್ಟಿಲ ಇಳಿಯೂದು ಮ್ಯಾಲಿಂದ ನೋಡಿದೆ:
ಕ್ರೀಡಾ ಪುಟ ಎಲ್ಲಕ್ಕಿಂತ ಮ್ಯಾಲಿತ್ತು.